ಇಬ್ಬರಿಗೇ ಗೊತ್ತಿದ್ದ ಗಂಟು

"ಅವನ ಮುಖ ಯಾಕೆ ನೋಡ್ತೀಯೋ? ಬೆನ್ನಿಗೆ ಚೂರಿ ಹಾಕಿದವನು!"

ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, ಚೀಲವನ್ನು ತಮ್ಮನ ಮಡಿಲಿಗೆ ಎಸೆದಳು. ಬರುವಾಗ ಬಸ್ಸಿನಲ್ಲಿ ಕಿತ್ತುಹೋಗಿದ್ದ ಪಟ್ಟಿ ಈಗ ಗಟ್ಟಿಯಾಗಿ ಕೂತಿತ್ತು.

"ಒಂದು ಸಲ ಕೇಳಿಬಿಡ್ತೀನಿ ಅಕ್ಕ. ಒಂಬತ್ತು ವರ್ಷದಿಂದ ಕಾದಿದ್ದೀನಿ."

"ಕೇಳಿ ಏನಾಗ್ಬೇಕು? ನಾಳೆ ಹೊರಡೋನು ನೀನು. ಇರೋ ಒಂದು ದಿನ ನನ್ನ ಜೊತೆ ಇರಬಾರದಾ?"

ಅಕ್ಕನ ಪ್ರೀತಿಗೇನು ಕಡಿಮೆ! ಹಜಾರದಲ್ಲಿ ಮೆತ್ತನೆಯ ಹಾಸಿಗೆ ಹಾಸಿಕೊಟ್ಟಿದ್ದಳು. ಅವನ ಹಳೆಯ ಕೋಣೆಯಲ್ಲಿ ಈಗ ಅವಳ ಎರಡು ಹೊಲಿಗೆ ಯಂತ್ರಗಳಿದ್ದವು. ಊರು ಬಿಟ್ಟವನಿಗೆ ಮನೆ ಯಾಕೆ ಎಂದು, ಅಮ್ಮನ ಈ ಮನೆಯಲ್ಲಿದ್ದ ತನ್ನ ಪಾಲನ್ನು ಅವನೇ ಅವಳಿಗೆ ಬರೆದುಕೊಟ್ಟಿದ್ದ.

ಚೀಲ ಹೆಗಲಿಗೇರಿಸಿ ಗಿಡ್ಡನನ್ನು ನೋಡಲು ಹೊರಟೇಬಿಟ್ಟ.

ಗಿಡ್ಡನೆಂದರೆ ಆರಡಿ ಎತ್ತರದ ಆಳು. ಗೇಲಿಗೆ ಇಟ್ಟ ಹೆಸರು ಅಂಟಿಕೊಂಡಿತ್ತು. ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಇಬ್ಬರೂ ಹದಿನಾರು ವರ್ಷ ಒಂದೇ ಮೇಜಿಗೆ ಕೂತು ಪುಸ್ತಕ ಹೊಲಿದವರು. ಆಮೇಲೆ ಸಾಹೇಬರಿಗೆ ಒಂದು ಮೂಗರ್ಜಿ ಹೋಯಿತು: ಇವನು ಹಳೆಯ ಪುಸ್ತಕಗಳಿಂದ ಚಿತ್ರಗಳನ್ನು ಕಿತ್ತು ಮಾರುತ್ತಾನಂತೆ. ಟೈಪು ಮಾಡಿದ ಮೂರು ಹಾಳೆ, ಮೂಲೆಯಲ್ಲಿ ದಾರದ ಹೊಲಿಗೆ. ಸಾಹೇಬರು ಅದನ್ನು ಮುಖಕ್ಕೆ ಎಸೆದು ಮನೆಗೆ ಕಳಿಸಿದ್ದರು.

ಹೊಲಿಗೆಯ ತುದಿಯ ಗಂಟು ನೋಡಿ ಇವನ ಜೀವವೇ ಹಾರಿಹೋಗಿತ್ತು. ಎರಡು ಸುತ್ತು ಸುತ್ತಿ, ಹಿಂದಕ್ಕೆಳೆದು, ದಾರದ ಬಾಲವನ್ನು ಹೊಲಿಗೆಯ ಅಡಿಗೆ ತೂರಿಸುವ ಗಂಟು. ತೀರಿಹೋದ ಮೇಸ್ತ್ರಿ ಆಣೆ ಹಾಕಿಸಿಕೊಂಡು ಇವರಿಬ್ಬರಿಗೇ ಹೇಳಿಕೊಟ್ಟದ್ದು. ಇವನಂತೂ ಆಣೆ ಮುರಿದಿರಲಿಲ್ಲ. ಕಲಿತ ಹೊಸತರಲ್ಲಿ ಅಕ್ಕ ಕೊಟ್ಟ ಬಟ್ಟೆ ಚೂರುಗಳ ಮೇಲೆ ದಿನಾ ಸಂಜೆ ಕೈ ಪಳಗಿಸಿಕೊಂಡಿದ್ದ, ಅಷ್ಟೇ.

ಬೈಂಡಿಂಗ್ ಕೋಣೆಯಲ್ಲಿ ಅದೇ ಗೋಂದಿನ ವಾಸನೆ. ಇವನನ್ನು ಕಂಡದ್ದೇ ಗಿಡ್ಡ ಕುರ್ಚಿ ಬೀಳಿಸಿಕೊಂಡು ಎದ್ದ.

"ಬಂದ್ಯೇನೋ! ಎಷ್ಟು ಕಾಗದ ಬರೆದೆ ನಿನಗೆ!"

"ಒಂದನ್ನೂ ಓದಲಿಲ್ಲ. ಒಲೆಗೆ ಹಾಕಿದೆ."

ಒಂಬತ್ತು ವರ್ಷ ಮಡಿಸಿಟ್ಟಿದ್ದ ಮೂಗರ್ಜಿಯನ್ನು ಮೇಜಿನ ಮೇಲೆ ಒಗೆದ. ಗಿಡ್ಡ ಕನ್ನಡಕ ಏರಿಸಿ, ಗಂಟನ್ನು ಉಗುರಿನಿಂದ ಮೀಟಿ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಮೇಸ್ತ್ರಿ ಗಂಟೇ ಕಣೋ ಇದು."

"ಒಪ್ಕೊಂಡೆಯಲ್ಲ, ಸಾಕು!"

"ನಾನು ಹಾಕಿದ್ದಲ್ಲ. ನನ್ನ ಮಕ್ಕಳಾಣೆ."

"ಹಾಗಾದ್ರೆ ನನ್ನ ಮೇಲೆ ನಾನೇ ಬರ್ಕೊಂಡ್ನಾ? ಅಣ್ಣತಮ್ಮಂದಿರ ಹಾಗೆ ಇದ್ವಲ್ಲೋ! ನನ್ನ ಊರು, ನನ್ನ ಮನೆ, ಎಲ್ಲಾ ಹೋಯ್ತಲ್ಲೋ ನಿನ್ನಿಂದ!"

ಈ ದ್ರೋಹಿಯ ಮುಂದೆ ಅಳಬಾರದೆಂದು ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ. ಹಿಂದಿನಿಂದ ಗಿಡ್ಡ ಚೀಲದ ಪಟ್ಟಿ ಹಿಡಿದೆಳೆದ.

"ಬಿಡೋ!"

ಗಿಡ್ಡ ಬಿಡಲಿಲ್ಲ. ಪಟ್ಟಿಯ ಹೊಸ ಹೊಲಿಗೆ ಮುಗಿದ ಕಡೆ ಅವನ ಹೆಬ್ಬೆರಳು ನಿಂತಿತ್ತು. ಇನ್ನೊಂದು ಕೈಯಿಂದ ಮೂಗರ್ಜಿಯನ್ನು ತಂದು ಅದರ ಪಕ್ಕಕ್ಕೆ ಹಿಡಿದ. ಎರಡು ಸುತ್ತು ಅಲ್ಲಿ, ಎರಡು ಸುತ್ತು ಇಲ್ಲಿ. ಎರಡರಲ್ಲೂ ಬಾಲ ಹೊಲಿಗೆಯ ಅಡಿಗೆ ಸೇರಿತ್ತು.

"ಈ ಚೀಲ ಹೊಲಿದೋರು ಯಾರೋ?"