ಆರನೆಯ ಕೈ

"ವಿರೋಧ ಇರುವವರು ಕೈ ಎತ್ತಿ," ಎಂದರು ಅಧ್ಯಕ್ಷ ಬೆಳ್ಯಪ್ಪ. ಐದು ಕೈಗಳು ಮೇಲೆದ್ದವು. ಕಮಿಟಿಯಲ್ಲಿದ್ದವರು ಒಟ್ಟು ಒಂಬತ್ತು ಜನ, ನಿರ್ಣಯ ಬಿದ್ದಂತೆಯೇ. ಅದನ್ನು ಮಂಡಿಸಿದ್ದ ಪೊನ್ನಮ್ಮ ಆ ಐದು ಕೈಗಳನ್ನು ಒಮ್ಮೆ ನೋಡಿದರು. ಆಮೇಲೆ ತಮ್ಮ ಕೈಯನ್ನೂ ಎತ್ತಿದರು.

"ಪೊನ್ನಮ್ಮನವರೇ, ನಾನು ಕೇಳಿದ್ದು ವಿರೋಧ ಇರುವವರನ್ನು."

"ಗೊತ್ತು. ಆರು ಅಂತ ಬರೆದುಕೊಳ್ಳಿ."

ಪಾಲಿಬೆಟ್ಟದ ಸುತ್ತಲಿನ ತೋಟದವರು ಸೇರಿ ನಡೆಸುತ್ತಿದ್ದ ಆ ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆಗೆಂದು ಒಂದು ಕೋಣೆ ಇತ್ತು. ಅದು ತೋಟದ ಯಜಮಾನರ ಮನೆ ಹೆಂಗಸರಿಗೆ ಮಾತ್ರ. ತೋಟದ ಲೈನುಮನೆಗಳಲ್ಲಿರುವ ಕೂಲಿ ಹೆಂಗಸರನ್ನೂ ಅಲ್ಲಿ ಸೇರಿಸಿಕೊಳ್ಳಬೇಕು ಎಂಬುದು ಪೊನ್ನಮ್ಮನ ನಿರ್ಣಯ. ಹೋದ ಮಳೆಗಾಲದಲ್ಲಿ ಅವರದೇ ಎಸ್ಟೇಟಿನ ಕಾಳಮ್ಮನ ಹಿರಿಮಗಳು ಹೆರಿಗೆ ಕಷ್ಟವಾಗಿ, ಗೋಣಿಕೊಪ್ಪಲಿಗೆ ಒಯ್ಯುವಾಗ ಜೀಪಿನಲ್ಲೇ ತೀರಿಕೊಂಡಿದ್ದಳು. ಈಗ ಕಿರಿಮಗಳು ಚೋಮಿ ಏಳು ತಿಂಗಳ ಬಸುರಿ. "ಲೈನಿನವರು ಮಲಗಿದ ಮಂಚದಲ್ಲಿ ನಮ್ಮ ಮನೆಯವರು ಮಲಗ್ತಾರಾ?" ಎಂದು ದೇರಪ್ಪ ಕೇಳಿದ್ದ ಒಂದೇ ಮಾತಿಗೆ ಐದು ಕೈಗಳು ಎದ್ದಿದ್ದವು.

ಹೊರಗೆ ಬಂದ ಮೇಲೆ ಅಪ್ಪಯ್ಯ ಮಾಸ್ತರರು ಛತ್ರಿಯನ್ನು ನೆಲಕ್ಕೆ ಕುಟ್ಟಿದರು. "ಎಂತ ಮಾಡಿದ್ರಿ ಅಕ್ಕ? ನಿಮ್ಮನ್ನು ನಂಬಿ ನಾವು ಮೂವರು ಪರವಾಗಿ ಕೈ ಎತ್ತಿದ್ದು!"

"ಹೇಗೂ ಸೋಲ್ತಿತ್ತು ಮಾಸ್ತರೇ. ಬಿದ್ದ ನಿರ್ಣಯವನ್ನು ಒಂದು ವರ್ಷ ಮತ್ತೆ ತರುವ ಹಾಗಿಲ್ಲ ಅಂತ ರೂಲ್ಸ್ ಉಂಟು. ಸೋಲಿಸಿದವರಲ್ಲೇ ಯಾರಾದರೂ ಕೇಳಿದರೆ ಮಾತ್ರ ಮುಂದಿನ ಸಭೆಗೆ ತರಬಹುದು. ಆ ಐದು ಜನರಲ್ಲಿ ಯಾರು ಕೇಳ್ತಾರೆ, ಹೇಳಿ? ಅದಕ್ಕೆ ನಾನೇ ಆ ಕಡೆ ಸೇರಿದೆ."

"ಇದು ವಕೀಲರ ಬುದ್ಧಿ."

"ಇರಬಹುದು. ಒಂದು ವರ್ಷ ಕಾಯಲಿಕ್ಕೆ ಚೋಮಿಗೆ ಆಗೋದಿಲ್ಲವಲ್ಲ."

ಪೊನ್ನಮ್ಮ ಲೈನಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಕಾಳಮ್ಮ ನಲ್ಲಿಯ ಹತ್ತಿರ ಕೊಡ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. "ಅಮ್ಮನೂ ಬೇಡ ಅಂತ ಕೈ ಎತ್ತಿದ್ರಂತೆ. ಎಸ್ಟೇಟ್ ಆಫೀಸಿನ ರೈಟರು ಹೇಳಿದ್ರು."

"ಎತ್ತಿದೆ. ಯಾಕೆ ಅಂತ ಹೇಳ್ತೇನೆ, ಕೇಳು." ಪೊನ್ನಮ್ಮ ರೂಲ್ಸನ್ನು ಎರಡು ಸಲ ಬಿಡಿಸಿ ಹೇಳಿದರು. ಹೇಳುತ್ತ ಹೋದಂತೆ ತಮ್ಮ ಮಾತು ತಮಗೇ ಸುಳ್ಳಿನಂತೆ ಕೇಳಿಸಿತು. ಕಾಳಮ್ಮ ಪೂರ್ತಿ ಕೇಳಿದಳು. "ನಮಗೆ ಇದೆಲ್ಲ ಗೊತ್ತಾಗೋದಿಲ್ಲ ಅಮ್ಮ," ಎಂದು ಕೊಡ ತುಂಬಿಸಿಕೊಂಡು ಒಳಗೆ ಹೋದಳು.

ಆಮೇಲಿನ ಒಂದು ತಿಂಗಳು ಪೊನ್ನಮ್ಮ ಆ ಐದು ಮನೆಗಳಿಗೂ ನಡೆದರು. ನಾಲ್ಕು ಮನೆಯವರು ಕಾಫಿ ಕೊಟ್ಟರು, ಕರಿಮೆಣಸಿನ ರೋಗದ ಬಗ್ಗೆ ಮಾತಾಡಿದರು, ನಿರ್ಣಯದ ಮಾತು ಬಂದ ಕೂಡಲೇ ಗಡಿಯಾರ ನೋಡಿದರು. ದೇರಪ್ಪನ ಮನೆಯಲ್ಲಿ ಕಾಫಿಯೂ ಸಿಗಲಿಲ್ಲ. ಪೊನ್ನಮ್ಮ ಮಂಡಿ ನೋವಿಗೆ ರಾತ್ರಿ ಎಣ್ಣೆ ಹಚ್ಚಿಕೊಂಡು ಬೆಳಗ್ಗೆ ಮತ್ತೆ ಹೊರಡುತ್ತಿದ್ದರು. ಮುದುಕ ತಿಮ್ಮಯ್ಯನವರ ಮನೆಗೆ ಮೂರನೆಯ ಸಲ ಹೋದಾಗ ಅವರೇ ಗೇಟಿನವರೆಗೆ ಬಂದರು.

"ಆಯ್ತು ಪೊನ್ನಮ್ಮ, ಈ ಸಲ ನಿಮ್ಮ ಕಡೆ. ಇದು ಸರಿ ಅಂತ ಕಂಡು ಅಲ್ಲ, ಹೇಳಿಬಿಡ್ತೇನೆ. ನೀವು ನಾಲ್ಕನೇ ಸಲ ಬರಬಾರದಲ್ಲ, ಅದಕ್ಕೆ."

ಪೊನ್ನಮ್ಮನಿಗೆ ನಗುವಷ್ಟು ತ್ರಾಣವೂ ಉಳಿದಿರಲಿಲ್ಲ. "ಅಷ್ಟು ಸಾಕು," ಎಂದರು.

ಮುಂದಿನ ಸಭೆಯಲ್ಲಿ ಅವರು ನಿರ್ಣಯವನ್ನು ಮತ್ತೆ ತೆಗೆದಾಗ ದೇರಪ್ಪ ಎದ್ದು ನಿಂತರು. "ಬಿದ್ದುಹೋದದ್ದನ್ನು ಮತ್ತೆ ತರುವುದೆಂತದ್ದು?" ಬೆಳ್ಯಪ್ಪ ಹಿಂದಿನ ಸಭೆಯ ಪುಸ್ತಕ ತಿರುವಿ, ವಿರೋಧಿಸಿದವರ ಸಾಲಿನಲ್ಲಿದ್ದ ಆರನೆಯ ಹೆಸರನ್ನು ಗಟ್ಟಿಯಾಗಿ ಓದಿದರು. ದೇರಪ್ಪ ಕೂತರು. ಪರವಾಗಿ ಐದು, ವಿರೋಧವಾಗಿ ನಾಲ್ಕು. ನಿರ್ಣಯ ಪಾಸಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಪ್ಪಯ್ಯ ಮಾಸ್ತರರು ಮಾತ್ರ ಹೋಗುವಾಗ ಅವರ ಮುಂದೆ ನಿಂತು ಕೈ ಮುಗಿದರು.

ಎರಡು ವಾರ ಕಳೆದರೂ ಲೈನುಗಳಿಂದ ಒಬ್ಬಳೂ ಆಸ್ಪತ್ರೆಗೆ ಬರಲಿಲ್ಲ. ಮಂಚಕ್ಕೆ ಹಾಸಿದ ಬಟ್ಟೆ ಹಾಗೇ ಇದೆ ಎಂದು ನರ್ಸ್ ಹೇಳಿ ಕಳಿಸಿದಳು. ಪೊನ್ನಮ್ಮ ಮತ್ತೆ ಲೈನಿಗೆ ಇಳಿದರು. ಚೋಮಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು, ಪಾದಗಳು ಬಾತಿದ್ದವು. ಏಳಲು ಹೋದವಳನ್ನು ತಡೆದು ಪೊನ್ನಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕಾಳಮ್ಮ ಒಳಗಿನಿಂದ ಬಂದು ಬಾಗಿಲ ದಾರಂದಕ್ಕೆ ಒರಗಿ ನಿಂತಳು.

"ಕೋಣೆ ತಯಾರುಂಟು, ಚೋಮಿ. ನರ್ಸ್ ಕಾಯ್ತಿದ್ದಾಳೆ. ಯಾಕೆ ಬರಲಿಲ್ಲ?"

ಚೋಮಿ ತಾಯಿಯ ಮುಖ ನೋಡಿ, ನಿಧಾನವಾಗಿ ಪೊನ್ನಮ್ಮನನ್ನು ಕೇಳಿದಳು: "ಅಮ್ಮ, ಬಿದ್ದದ್ದನ್ನು ಮತ್ತೆ ಕೈ ಎತ್ತಿಸಿ ಎಬ್ಬಿಸಿದ್ರಿ ಅಂತೆ. ಹಾಗಾದ್ರೆ ಎದ್ದದ್ದನ್ನು ಮತ್ತೆ ಕೈ ಎತ್ತಿಸಿ ಬೀಳಿಸಬಹುದಲ್ಲ? ನಾನು ಅಲ್ಲಿ ಮಲಗಿದ್ದಾಗಲೇ ಹೋಗು ಅಂದ್ರೆ?"

ಹಾಗೇನೂ ಆಗುವುದಿಲ್ಲ ಎನ್ನಲು ಪೊನ್ನಮ್ಮ ಬಾಯಿ ತೆರೆದರು. ತಿಮ್ಮಯ್ಯನವರ ಮುಖ ಕಣ್ಣ ಮುಂದೆ ಬಂತು. ಅವರನ್ನು ದಣಿಸಲು ದೇರಪ್ಪನಿಗೂ ಕಾಲುಗಳಿವೆ.

"ಬೀಳಿಸಬಹುದು," ಎಂದರು. "ಮುಂದಿನ ಮೀಟಿಂಗಿಗೆ ಇನ್ನೂ ಹದಿನಾರು ದಿವಸ ಉಂಟು. ಅಷ್ಟರೊಳಗೆ ಬಾ."