ಹಂಪಮ್ಮನ ಊಟದ ಪಟ್ಟಿ

ಹಂಪಮ್ಮ ಹಿತ್ತಲಿನ ಗಟಾರವನ್ನು ಕಟ್ಟಿಗೆಯಿಂದ ಕೆದಕುತ್ತಿದ್ದಳು. ಒಂದೇ ಒಂದು ರೊಟ್ಟಿ ಚೂರು ಸಿಕ್ಕಿದ್ದರೆ ಸಾಕಿತ್ತು, ಕಳ್ಳರು ಸಿಕ್ಕಿಬೀಳುತ್ತಿದ್ದರು. ಸಿಗಲಿಲ್ಲ. ಕರಿಬೇವಿನ ಗಿಡದ ಬುಡದಲ್ಲೂ ಇಲ್ಲ, ನೀರೊಲೆಯ ಬೂದಿಯಲ್ಲೂ ಇಲ್ಲ. ಬೀದಿನಾಯಿಯ ಕಡೆ ನೋಡಿದಳು. ಪಾಪ, ಅದರ ಪಕ್ಕೆಲುಬು ಎಣಿಸಬಹುದಿತ್ತು.

ಹಾಗಾದರೆ ನಿನ್ನೆ ಬಡಿಸಿದ ಆರು ಜೋಳದ ರೊಟ್ಟಿಗಳನ್ನು ಅತ್ತೆ ಮತ್ತು ಇಬ್ಬರು ಮಕ್ಕಳು ನಿಜಕ್ಕೂ ತಿಂದಿದ್ದರೇ? ನಂಬುವುದು ಹೇಗೆ? ಮಂಗಳವಾರದವರೆಗೂ ಮಕ್ಕಳು ರೊಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದವು. ಅತ್ತೆ ಅಮರಮ್ಮ ಅಂಚಿನ ಒಂದು ಚೂರು ಮುರಿದು, ಹಾಲಲ್ಲಿ ನೆನೆಸಿ, ದೊಡ್ಡ ನಿಟ್ಟುಸಿರು ಬಿಟ್ಟು ತಾಟು ಸರಿಸುತ್ತಿದ್ದಳು.

ಅತ್ತೆ ದೇವದುರ್ಗದಿಂದ ಶಕ್ತಿನಗರದ ಈ ಕ್ವಾರ್ಟರ್ಸಿಗೆ ಬಂದದ್ದು ಸುಮ್ಮನೆ ಅಲ್ಲ. ಕಾಲೊನಿಯ ಶಿಶುವಿಹಾರದಲ್ಲಿ ಹಂಪಮ್ಮನಿಗೆ ಟೀಚರ್ ಕೆಲಸ ಸಿಕ್ಕಿತ್ತು. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಹಿರಿಯರೊಬ್ಬರು ಇರಲೇಬೇಕಿತ್ತು. ಅತ್ತೆ ಹೋದರೆ ಕೆಲಸವೂ ಹೋದಂತೆ. ಆ ಅತ್ತೆ ಕಳೆದ ಐತವಾರ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

"ನಾ ಮಂದಿ ಮನ್ಯಾಗ ಗುಟುಕು ಮಜ್ಜಿಗಿ ಸೈತ ಕುಡಿಯಾಕಿ ಅಲ್ಲ. ಇಲ್ಲಿ ನೋಡಿದ್ರ ಊಟ ಗಂಟಲಾಗ ಇಳಿವಲ್ದು, ಹುಡುಗ್ರಿಗೂ ಸೇರವಲ್ದು. ಬರೂ ಐತವಾರದ ತನಕ ನೋಡ್ತೀನಿ, ಆಮ್ಯಾಲ ಬಸ್ ಹತ್ತಿ ಹೋಗ್ತೀನಿ."

ಎಂಟು ದಿನದ ಗಡುವು. ಹಂಪಮ್ಮ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಕೆಂಪು ಪೆನ್ಸಿಲ್‌ನಿಂದ ವಾರದ ರಾತ್ರಿಯೂಟದ ಪಟ್ಟಿ ಬರೆದಳು. ಸೋಮವಾರ ರೊಟ್ಟಿ, ಪುಂಡಿಪಲ್ಯ. ಮಂಗಳವಾರ ರೊಟ್ಟಿ, ಝುಣಕ. ಬುಧವಾರ ರೊಟ್ಟಿ, ಬದನೆ ಎಣ್ಣೆಗಾಯಿ. ಗಂಡ ಹನುಮಂತ್ರಾಯ ನೋಡಿ, ರೊಟ್ಟಿಯೇ ಬದಲಾಗದ ಮೇಲೆ ಪಟ್ಟಿ ಯಾತಕ್ಕೆ ಎಂದ. ಎರಡನೇ ಪಾಳಿಗೆ ಹೋಗಿ ಅರ್ಧರಾತ್ರಿಗೆ ಉಣ್ಣುವವರು ಇದರಲ್ಲಿ ತಲೆ ಹಾಕಬಾರದು ಎಂದು ಅವನ ಬಾಯಿ ಮುಚ್ಚಿಸಿದಳು. ರಾತ್ರಿಗೆ ರೊಟ್ಟಿ ಇಲ್ಲದ್ದು ಊಟವೇ ಅಲ್ಲ ಎಂಬುದು ಅವಳ ಹಟ.

ಬುಧವಾರ ಪವಾಡ ನಡೆಯಿತು. ಒಳಗೆ ಸೆಕೆ ಎಂದು ಅಮರಮ್ಮ ಮಕ್ಕಳನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ, ಗೋಡೆ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಹಿಂದೆಯೇ ಹೋದ ಸೊಸೆಯನ್ನು ಅಟ್ಟಿದಳು. "ಉಣ್ಣಾವ್ರ ಮುಂದ ನಿಂತು ನೋಡಬಾರ್ದು ಯವ್ವಾ, ದೃಷ್ಟಿ ಆಗ್ತದ. ಒಳಗ ಹೋಗು." ತವರಿನಲ್ಲೂ ಇದೇ ಮಾತು ಕೇಳಿ ಬೆಳೆದವಳು, ಹಂಪಮ್ಮ ಒಳಗೆ ಹೋದಳು. ಕಾಲು ತಾಸಿಗೆ ತಾಟುಗಳು ನೆಕ್ಕಿದಂತೆ ಖಾಲಿಯಾಗಿ ಬಂದವು. ಮೂವರ ಮುಖದಲ್ಲೂ ಕಳೆ. ಗುರುವಾರವೂ ಅಷ್ಟೇ. ಸಾಲದ್ದಕ್ಕೆ ಅತ್ತೆಯೇ ಹೇಳಿದಳು, ನಾಳೆ ರೊಟ್ಟಿ ಚೂರು ಖಡಕ್ ಇರಲಿ, ಎರಡು ಜಾಸ್ತಿ ಬಡಿ ಅಂತ.

ಇಷ್ಟಾದ ಮೇಲೆ ಯಾರಿಗೆ ಅನುಮಾನ ಬರುವುದಿಲ್ಲ? ಅದಕ್ಕೇ ಈ ಶುಕ್ರವಾರದ ಬೆಳಿಗ್ಗೆ ಗಟಾರದ ಶೋಧ. ಏನೂ ಸಿಗದೆ ಹೋದಾಗ ಹಂಪಮ್ಮ ಕಟ್ಟಿಗೆ ಬಿಸಾಕಿ ಎದ್ದು ನಿಂತಳು. ಪಟ್ಟಿ ಗೆದ್ದಿತ್ತು! ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಗೋಡೆಯ ಆಚೆ ಪಕ್ಕದ ಮನೆಯ ಅನ್ವರಿ ಬೇಗಂ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಎಲ್ಲ ಹೇಳಿದಳು.

ಅನ್ವರಿ ನಕ್ಕಳು. ಅವಳ ಮನೆಯ ಕಥೆಯೂ ಅದೇ. ಮಾವ ಸತ್ತಾರ್ ಸಾಬ್ ತಮ್ಮೂರು ಕುರ್ಡಿಯಿಂದ ಬಂದ ದಿನದಿಂದ ಖಿಚಡಿ ಕಂಡರೆ ಇದು ಜಡ್ಡಿನವರ ಊಟ ಎಂದು ಗೊಣಗುತ್ತಿದ್ದರಂತೆ. ಅಜ್ಜನನ್ನು ನೋಡಿ ಮೊಮ್ಮಕ್ಕಳೂ ಒಲ್ಲೆ ಎನ್ನುತ್ತಿದ್ದರಂತೆ. ಈಗ ಎರಡು ದಿನದಿಂದ ಒಂದು ಅಗುಳೂ ಉಳಿಯುತ್ತಿಲ್ಲ. ಖಿಚಡಿಗೆ ನೆಂಚಿಕೊಳ್ಳುವ ಖಟ್ಟಾಕ್ಕೆ ಹುಣಸೆಹುಳಿ ಜಾಸ್ತಿ ಹಾಕಿದ್ದರ ಫಲ ಎಂದು ಅವಳ ಲೆಕ್ಕ.

"ನೋಡಾಕ ಹ್ವಾದ್ರ ನಜರ್ ಆಗ್ತದ ಅಂತ ನನ್ನ ಓಡಸ್ತಾರ್ರೀ," ಎಂದಳು ಅನ್ವರಿ. ಎಲ್ಲ ಮನೆಯ ಹಿರಿಯರೂ ಒಂದೇ ಎಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೆದ್ದವರಿಗೆ ಧೈರ್ಯ ಜಾಸ್ತಿ. ಗಡುವಿನ ಕೊನೆಯ ರಾತ್ರಿ ಅತ್ತೆಗೆ ಹೊಸದೇನಾದರೂ ಉಣಿಸಿ ಬೆರಗು ಮಾಡಬೇಕೆಂದು ಹಂಪಮ್ಮನಿಗೆ ಅನಿಸಿತು. ಅನ್ವರಿಯಿಂದ ಕೇಳಿಕೊಂಡು, ಪಟ್ಟಿಯಲ್ಲಿ ಶನಿವಾರದ ರೊಟ್ಟಿಗೆ ಗೀಟು ಎಳೆದು ಖಿಚಡಿ, ಖಟ್ಟಾ ಎಂದು ಬರೆದಳು. ಅಕ್ಕಿ, ಬೇಳೆ ಒಂದೇ ಪಾತ್ರೆಗೆ. ಹುರಿದ ಎಳ್ಳು ಕುಟ್ಟಿ, ಹುಣಸೆ ರಸಕ್ಕೆ ಹಾಕಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಬೆರೆಸಿದರೆ ಖಟ್ಟಾ. ಅರ್ಧ ತಾಸಿನ ಕೆಲಸ, ರೊಟ್ಟಿ ಬಡಿದು ಕೈ ನೋಯುವ ಮಾತೂ ಇಲ್ಲ. ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಶನಿವಾರ ರಾತ್ರಿ ತಾಟುಗಳ ಮೇಲೆ ಮುಚ್ಚಳ ಹಾಕಿ ಹಿತ್ತಲಿಗೆ ಒಯ್ದು, ಏನೂ ಹೇಳದೆ ಕೊಟ್ಟು ಬಂದಳು. ಆದರೆ ಇವತ್ತು ಮನಸ್ಸು ತಡೆಯಲಿಲ್ಲ. ದೃಷ್ಟಿಯಾದರೆ ಆಗಲಿ, ಆಮೇಲೆ ಉಪ್ಪು ನಿವಾಳಿಸಿದರಾಯಿತು ಎಂದುಕೊಂಡು ಬಾಗಿಲ ಸಂದಿಯಿಂದ ಇಣುಕಿದಳು.

ಮುಚ್ಚಳ ತೆಗೆದ ಅಮರಮ್ಮ ಖಿಚಡಿಯನ್ನೇ ನೋಡುತ್ತ ಕೂತಿದ್ದಳು. ಕೈ ಹಾಕಲಿಲ್ಲ. ಮಕ್ಕಳು ಅಜ್ಜಿಯ ಮುಖ ನೋಡಿದವು. ಅಜ್ಜಿ ಗೋಡೆಯ ಕಡೆ ನೋಡಿದಳು. "ಈಗ ಹ್ಯಾಂಗವ್ವಾ?" ಎಂದಳು ಮೊಮ್ಮಗಳಿಗೆ, ಅಳುಕಿನ ದನಿಯಲ್ಲಿ.

ಹಂಪಮ್ಮನಿಗೆ ಗಡುವು ನೆನಪಾಯಿತು. ನಾಳೆ ಐತವಾರ. ಗಂಟು ಇನ್ನೂ ಬಾಗಿಲ ಬಳಿಯೇ ಇತ್ತು. ಸುಮ್ಮನೆ ರೊಟ್ಟಿ ಬಡಿದಿದ್ದರೆ ಏನು ಗಂಟು ಹೋಗುತ್ತಿತ್ತು? ಕೈಯಾರೆ ಕೆಲಸ ಕಳೆದುಕೊಂಡೆನಲ್ಲ ಎಂದು ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಎರಡು ಮುದಿ ಕೈಗಳು ಹಬೆಯಾಡುವ ಖಿಚಡಿಯ ದೊಡ್ಡ ತಾಟೊಂದನ್ನು ಎತ್ತಿ ಹಿಡಿದವು. ಹಿಂದೆಯೇ ಸತ್ತಾರ್ ಸಾಬರ ಪಿಸುದನಿ: "ಅಮರಮ್ಮಾರ, ಲಗೂನ ಇದನ್ನ ಹಿಡೀರಿ, ರೊಟ್ಟಿ ಈ ಕಡಿ ಕೊಡ್ರಿ. ಹುಡುಗ್ರು ಕಾಯಾಕತ್ತಾರ, ಸೊಸಿ ಬಂದ್ಲಂದ್ರ ಎಲ್ಲಾ ಕೆಡ್ತದ."