ದನಿ ನುಂಗುವ ಪಟ್ಟಿ

ಪುರಸಭೆಗೆ ಆರಿಸಿ ಬಂದವರೆಲ್ಲ ಕೊರಳಿಗೆ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ಸುಳ್ಳು ಹೇಳಿದರೆ ಪಟ್ಟಿ ದನಿಯನ್ನು ನುಂಗಿಬಿಡುತ್ತಿತ್ತು. ಊರಿಗೆ ಅದು ರೂಢಿಯಾಗಿತ್ತು. ಆ ಬೆಳಿಗ್ಗೆ ಸದಸ್ಯರ ನಡತೆಯ ನಿಯಮ ತಿದ್ದುಪಡಿಯಾಗಿ, ಖಾತ್ರಿಯಿಲ್ಲದ ಭರವಸೆಗೂ ದನಿ ಏಳದಂತಾಯಿತು. ಜನರಿಗೆ ಅದಿನ್ನೂ ತಿಳಿದಿರಲಿಲ್ಲ.

ಮಧ್ಯಾಹ್ನ ಸದಸ್ಯೆ ಗಿರಿಜವ್ವ ಬಣಕಾರಳ ವಾರ್ಡಿನಲ್ಲಿ ಒಳಚರಂಡಿಗೆ ತೋಡಿದ ಗುಂಡಿ ಕುಸಿದು, ಕೆಲಸಗಾರ ಫಕ್ಕೀರಪ್ಪ ಮಣ್ಣಿನಡಿ ಸಿಕ್ಕಿಬಿದ್ದ. ಗಿರಿಜವ್ವ ಓಡಿ ಬಂದಾಗ ಅವನ ಹೆಂಡತಿ ರೇಣವ್ವ ಅವಳ ಕೈ ಹಿಡಿದುಕೊಂಡಳು.

"ಅಕ್ಕಾರ, ಉಳೀತಾನಲ್ರೀ? ನೀವ ಒಂದ್ ಮಾತು ಹೇಳ್ರಿ."

ಉಳಿಯುತ್ತಾನೆ ಎನ್ನಲು ಗಿರಿಜವ್ವ ಬಾಯಿ ತೆರೆದಳು. ತುಟಿ ಅಲುಗಾಡಿತು, ದನಿ ಬರಲಿಲ್ಲ.

"ದನಿ ಹೋತು! ಅಂದ್ರ ಸುಳ್ಳು! ಅಂವ ಹೋಗಿಬಿಟ್ಟ!" ರೇಣವ್ವ ಎದೆ ಬಡಿದುಕೊಂಡಳು. ಅಗೆಯುತ್ತಿದ್ದವರು ಸಲಿಕೆ ಕೆಳಗಿಟ್ಟು ಮೇಲೆ ಬಂದರು.

ಹೋಗಿಲ್ಲ ಎಂದು ಗಿರಿಜವ್ವ ಕೂಗಹೋದಳು; ಅದಕ್ಕೂ ದನಿಯಿಲ್ಲ. "ನಿಯಮ ಬದಲಾಗೇತಿ, ಅಂವ ಅದಾನೋ ಇಲ್ಲೋ ನನಗ ಗೊತ್ತಿಲ್ರೋ!" ಎಂದಾಗ ದನಿಯೇನೋ ಬಂತು, ಆದರೆ ಆ ಗೋಳಾಟದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಗಿರಿಜವ್ವ ಸೀರೆ ಎತ್ತಿಕಟ್ಟಿ ತಾನೇ ಗುಂಡಿಗಿಳಿದಳು. ಉಗುರು ಕಿತ್ತುಬರುವಂತೆ ಮಣ್ಣು ಗೋರತೊಡಗಿದಳು.

"ಹೆಣ ಆಮೇಲೆ ತಗದ್ರಾತು, ಮ್ಯಾಲೆ ಬರ್ರಿ, ಇನ್ನೊಂದು ಬದಿ ಕುಸೀತೈತಿ," ಎಂದು ಮೇಸ್ತ್ರಿ ಕೂಗಿದ. ಅವಳು ತಲೆಯೆತ್ತಲಿಲ್ಲ. ಅವಳನ್ನು ನೋಡಿ ರೇಣವ್ವ ಅಳು ನುಂಗಿ ತಾನೂ ಇಳಿದಳು. ಇಬ್ಬರೂ ಗೋರಿದರು. ಕೊನೆಗೊಂದು ಪಾದ ಸಿಕ್ಕಿತು. ರೇಣವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಕ್ಕಾರ," ಅವಳು ಕೂಗಿದಳು, "ಬೆರಳು ಅಳ್ಳಾಡ್ತಾವ್ರೀ!"

ಮೇಲಿದ್ದವರೆಲ್ಲ ಗುಂಡಿಗೆ ಧುಮುಕಿದರು.